ಹಿಡಿಕಾಳಿನ ನಂಟರು

ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಇದ್ದಿಲ ಅನಿಲದಿಂದ ಓಡುವ ತಿಕೋಟಾ ಬಸ್ಸಿನ ಒಲೆ ಇನ್ನೂ ಹೊತ್ತಿಕೊಂಡಿರಲಿಲ್ಲ. ಬಸ್ಸು ಹೊರಡುವುದೋ ಇಲ್ಲವೋ ಎಂದು ನಿಲ್ದಾಣದಲ್ಲಿ ಚಡಪಡಿಸುತ್ತಿದ್ದ ವತ್ಸಲಾಬಾಯಿಯ ಕಿವಿ ಪಕ್ಕದ ಜಗಳದತ್ತ ತಿರುಗಿತು. ಮುರಿದ ಕೈಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದ ಹೆಂಗಸಿನ ಕೊರಳಲ್ಲಿ ಸಣ್ಣ ಶಿಲುಬೆಯಿತ್ತು. ಅವಳನ್ನು ಕರೆದೊಯ್ಯಲು ಘೋಣಸಗಿಯಿಂದ ತಮ್ಮ ಬಂದಿದ್ದ.

“ಸಾಕಾಗೇತಿ ರೇವಪ್ಪಾ. ನಮ್ಮ ಚರ್ಚಿನ ಮಂದಿ ಅಡಗಿ ಮಾಡೂಮುಂದ ಮನಿಗೊಂದು ಹಿಡಿ ಜೋಳ ನನ್ನ ಹೆಸರಿಲೆ ತಗದಿಡ್ತಾರ. ಐತವಾರ ಪ್ರಾರ್ಥನಾ ಮುಗದ ಮ್ಯಾಲ ಎಲ್ಲಾರ ಮುಂದ ನನ್ನ ಚೀಲಕ್ಕ ಸುರೀತಾರ. ನಾಚಿಕಿ ಆಗ್ತೈತಿ.”

“ಅದಕ್ಕ ಅಂತೀನಿ ಯಕ್ಕಾ, ನಡಿ ಮನಿಗೆ.”

“ಆ ಮಂದ್ಯಾಗಿನ ಎಸ್ತೇರಿ ನನ್ನ ತಲಿ ಬಾಚ್ತಾಳ, ಕೂದಲಾ ಕಿತ್ತಂಗ. ಬ್ಯಾಡಂದ್ರ, ‘ನೀ ನಮ್ಮಕ್ಕ ಅಲ್ಲೇನು’ ಅಂತಾಳ.”

“ಅಕಿ ಯಾರು ನಿನಗ? ಒಡಹುಟ್ಟಿದಾವ ನಾನು.”

“ನನ್ನ ಗಂಡ ಸತ್ತಾಗ ಎಲ್ಲಿದ್ದಿ?”

ರೇವಪ್ಪ ಶಲ್ಯದಿಂದ ಮುಖ ಒರೆಸಿಕೊಂಡ. “ಕುಲಾ ಬಿಟ್ಟಾಳಂತ ಅಪ್ಪ ಕಳಸಲಿಲ್ಲ. ಈಗ ಅಪ್ಪ ಇಲ್ಲ. ಬರ್ತಿಯೋ ಇಲ್ಲೋ?”

ಬಸ್ಸು ಗುರುಗುಟ್ಟಿತು. ಜನ ಎದ್ದರು. ಅವಳು ಏಳಲಿಲ್ಲ.

“ಎಸ್ತೇರಿಗೆ ದಿನಾ ತುಂಬ್ಯಾವ. ಚೊಚ್ಚಲ ಹೆರಿಗಿ, ತಾಯಿ ಇಲ್ಲ.”

“ಒಂದ ಕೈಲೆ ನೀ ಏನ್ ಮಾಡ್ತಿ?”

“ಬೈತೀನಿ. ಬೈಯಾಕರ ಮನ್ಯಾಕಿ ಒಬ್ಬಾಕಿ ಬೇಕಲ್ಲ!”

“ಯಪ್ಪಾ! ಮುಂಜಾನಿಂದ ಅವರನ್ನ ಬೈದಿ, ಮತ್ತ ಅಲ್ಲೇ ಹೊಂಟಿ!”

ಅವಳಾಗಲೇ ಎದ್ದು ಬಸ್ಸಿಗೆ ಬೆನ್ನು ಮಾಡಿ ನಡೆದಿದ್ದಳು. ವತ್ಸಲಾಬಾಯಿ ಬಸ್ಸು ಹತ್ತಿ ಕಿಟಕಿಯಿಂದ ನೋಡಿದಳು. ರೇವಪ್ಪ ಅಕ್ಕನ ಗಂಟನ್ನು ಹೆಗಲಿಗೇರಿಸಿ, ಗೊಣಗುತ್ತ, ಅವಳ ಹಿಂದೆಯೇ ಹೊರಟಿದ್ದ.