ಪೊರಕೆ ಮುಗಿಸಿದ ಚಿತ್ರ

ಪರದೇಶದ ಈಸ್ಟ್‌ಗೇಟ್ ಬಸ್ ನಿಲ್ದಾಣದಲ್ಲಿ ಬೆನ್ನ ಹಿಂದೆ ಕನ್ನಡ ಕೇಳಿಸಿ ಜೆಸಿಂತಾಳ ಕಿವಿ ನಿಮಿರಿತು. ಅತ್ತೆ, ಸೊಸೆ ಇರಬೇಕು. ಅತ್ತೆಯ ದನಿಯಲ್ಲಿ ಹೆದರಿಕೆಯಿತ್ತು.

"ಪಕ್ಕದ್ಮನೆ ಆರ್ಟಿಸ್ಟ್ ಕ್ಯಾರಲ್‌ಗೆ ಹೇಳ್ಬಿಟ್ಯಾ ಮೈತ್ರಿ?"

"ಹೇಳ್ದೆ ಅತ್ತೆ. ಒಣಗೋಕಿಟ್ಟಿದ್ದ ಕ್ಯಾನ್ವಾಸ್ ಗುಡಿಸಿದ್ದು ನೀವೇ ಅಂತ."

"ರಂಗೋಲಿ ಹಾಕೋಣ ಅಂತ ಪೊರಕೆ ಹಿಡ್ಕೊಂಡು ಹೋದ್ರೆ, ಎರಡೂ ಮನೆ ಬಾಗಿಲ ಮುಂದೆ ಹಾಸಿದ್ದ ಬಟ್ಟೆ ತುಂಬಾ ಕಾಫಿ ಚರಟ! ಅದೇ ಅವಳ ಬಣ್ಣ ಅಂತ ನನಗೇನು ಗೊತ್ತು? ಬೈದ್ಳಾ?"

"ನಕ್ಕುಬಿಟ್ರು. ಒಣಗಿದ್ಮೇಲೆ ಅವರೂ ಚರಟ ಗುಡಿಸೇ ಹಾಕ್ತಾರಂತೆ. ಕೆಳಗೆ ಉಳಿಯೋ ಬಣ್ಣಾನೇ ಚಿತ್ರ. ನಿಮ್ಮ ಪೊರಕೆ ಗೀರು ತುಂಬಾ ಇಷ್ಟ ಆಯ್ತಂತೆ, ಹಾಗೇ ಫ್ರೇಮ್ ಹಾಕಿಸ್ತಾರಂತೆ."

"ಅಬ್ಬಾ! ಹೋದ ಜೀವ ಬಂದ ಹಾಗಾಯ್ತು ಕಣೇ."

ಜೆಸಿಂತಾಳೂ ಹಿಡಿದಿದ್ದ ಉಸಿರು ಬಿಟ್ಟಳು.

"ಇನ್ಮೇಲೆ ನಮ್ಮನೆ ಫಿಲ್ಟರ್ ಚರಟಾನೂ ಬೇಕಂತೆ. ಚಿಕೋರಿ ಇದ್ರೆ ಬಣ್ಣ ಚೆನ್ನಾಗಿ ಹಿಡಿಯತ್ತಂತೆ."

ಬಸ್ಸು ಬಂತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೊಸೆಗಿಂತ ಮೊದಲೇ ಹತ್ತಿದರು.

"ದಿನಕ್ಕೆ ಒಂದೇ ಲೋಟ ಕಾಫಿ ಅಂತ ನಿನ್ನ ಗಂಡ ಇನ್ನೊಂದ್ಸಲ ಬಾಯಿ ಬಿಡ್ಲಿ, ನೋಡ್ಕೋತೀನಿ!"