ಎತ್ತದೆ ಉಳಿದ ಸೂಜಿ

ಎಲ್ಲರಿಗೂ ನಮಸ್ಕಾರ. ನಮ್ಮ ಮುಖ್ಯೋಪಾಧ್ಯಾಯರಾದ ಅಂದಪ್ಪನವರೇ, ಸಹೋದ್ಯೋಗಿಗಳೇ, ಗೋವಿಂದಪ್ಪ ಮಾಸ್ತರರ ಕೈಯಲ್ಲಿ ವಿಜ್ಞಾನ ಕಲಿತ ಮಕ್ಕಳೇ, ಇಳಕಲ್ಲಿನ ಹಿರಿಯರೇ — ಮುಂದಿನ ಸಾಲಿನಲ್ಲಿ ಕುಳಿತಿರುವ ಮಾಸ್ತರರ ಪತ್ನಿ ಚಂದ್ರವ್ವನವರೇ, ಅಣ್ಣ ಪಾಂಡಪ್ಪನವರೇ. ಹೋದವರ ಬಟ್ಟೆ ಇನ್ನೂ ಗೂಟದ ಮೇಲೆ ತೂಗುತ್ತಿರುವ ಮನೆಯಿಂದ ಎದ್ದು ಇಲ್ಲಿಗೆ ಬಂದಿದ್ದೀರಿ. ನಿಮ್ಮೆದುರು ಮಾತಾಡುವುದು ಸುಲಭವಲ್ಲ.

ನನಗೆ ಭಯವಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಇಂಗ್ಲಿಷಿನಲ್ಲಿ ಓದಿದವಳು. ಸಂತಾಪದ ಮಾತುಗಳು ನನಗೆ ಬಾಯಿಪಾಠವಿಲ್ಲ. ಆದರೆ ಭಯ ಅದಕ್ಕಲ್ಲ. ಈ ಊರಿನಲ್ಲಿ ಹಬ್ಬಿರುವ ಒಂದು ಸುದ್ದಿಯ ಬಗ್ಗೆ ನಾನಿವತ್ತು ಮಾತಾಡಬೇಕು. ಸ್ವತಃ ಚಂದ್ರವ್ವನವರೇ ಹೇಳಲು ಹೇಳಿದ್ದಾರೆ. ಹೇಳುವುದು ಸರಿಯೋ ತಪ್ಪೋ ಎಂದು ಇಲ್ಲಿ ನಿಂತ ಮೇಲೂ ನಾನು ಕೇಳಿಕೊಳ್ಳುತ್ತಿದ್ದೇನೆ.

ಮೊದಲು ಅವರ ಬಗ್ಗೆ ಹೇಳುತ್ತೇನೆ. ಎಪ್ಪತ್ತೆಂಟರಲ್ಲಿ ನಾನು ಈ ಶಾಲೆಗೆ ಬಂದಾಗ, ಸ್ಟಾಫ್ ರೂಮಿನಲ್ಲಿ ಯಾರೂ ಸರಿಯಾಗಿ ಮಾತಾಡಿಸುವ ಮೊದಲೇ, ಮೂಲೆಯ ಕುರ್ಚಿಯಿಂದ ಒಂದು ಪ್ರಶ್ನೆ ಬಂತು. "ಬಾಯಾರ, ಸದ್ಯ ಏನ್ ಕೇಳಾಕತ್ತೀರಿ?"

ನನಗೆ ಅರ್ಥವಾಗಲಿಲ್ಲ. "ಮನೆಯಲ್ಲಿ ಕುಕ್ಕರಿನ ಸೀಟಿ ಕೇಳ್ತೀನಿ ಸರ್" ಎಂದೆ.

"ಅದೂ ಒಂದ್ ಸ್ವರ ಐತ್ರಿ. ಯಾವ ಪಟ್ಟಿ, ಯಾವ ಶ್ರುತಿ?"

ಅಂದಪ್ಪನವರು ಹಾಜರಿ ಪುಸ್ತಕದಿಂದ ತಲೆ ಎತ್ತದೆ ಹೇಳಿದ್ದರು — ನೆನಪಿದೆಯೇ ಸರ್? — "ಲೇ ಗೋವಿಂದಾ, ಸಹಾಮಾಹಿ ಪರೀಕ್ಷಾ ಪೇಪರ್ ತಿದ್ದಿಲ್ಲ ನೀ. ಬಂದ ಮಂದೀನ ಏನ್ ಕೇಳ್ತೀರಿ, ಏನ್ ಕೇಳ್ತೀರಿ ಅಂತ ಯಾಕ ಕಾಡ್ತೀ?"

ಮಾಸ್ತರರ ಮಾತಿನಲ್ಲಿ 'ಸದ್ಯ' ಎಂಬ ಪದ ಒಂದು ಹೆಸರೇ ಆಗಿತ್ತು. 'ಸದ್ಯದ್ದು'. ಗೋವಿಂದಪ್ಪನವರ ಹತ್ತಿರ ಕಪಾಟು ತುಂಬ ರೆಕಾರ್ಡುಗಳಿದ್ದವು. ಆದರೆ ಸದ್ಯದ್ದು ಎಂದರೆ ಎರಡೋ ಮೂರೋ, ಅಷ್ಟೇ. ಅವನ್ನೇ ದಿನವೂ ಕೇಳುವುದು. ಯಾರಾದರೂ ಎರವಲು ಕೇಳಿದರೆ ಕಪಾಟಿನದನ್ನು ಕೊಡುತ್ತಿರಲಿಲ್ಲ, ಸದ್ಯದ್ದನ್ನೇ ಕೊಡುತ್ತಿದ್ದರು. "ನಾ ಕೇಳಿ ಬಿಟ್ಟಿದ್ದನ್ನ ಕೊಟ್ರ ಏನ್ ಕೊಟ್ಟಂಗಾತ್ರಿ?" ಎನ್ನುತ್ತಿದ್ದರು. ಕೊಟ್ಟ ಮೇಲೆ ಮಾತ್ರ ಎರಡು ದಿನ ಮುಖ ಸಣ್ಣದಾಗುತ್ತಿತ್ತು.

ಈ ಬೇಸಿಗೆಯ ಸದ್ಯದ್ದು ಏನಿತ್ತು ಎಂದು ನನಗೆ ಗೊತ್ತು. ಹುಬ್ಬಳ್ಳಿಯಿಂದ ತಂದ ವಚನಗಳ ಒಂದು ಎಲ್‌ಪಿ. ಕಮತಗಿಯಲ್ಲಿ ಯಾರದೋ ಅಟ್ಟದ ಮೇಲೆ ಸಿಕ್ಕ, ನಾಟಕ ಕಂಪನಿಯ ನಟಿಯೊಬ್ಬರ ಹಾಡಿನ ಹಳೆಯ ಗ್ರಾಮಫೋನ್ ಪ್ಲೇಟು; ಅದರಲ್ಲಿ ಹಾಡಿಗಿಂತ ಕರಕರ ಸದ್ದೇ ಹೆಚ್ಚು. ನಾನು ಎರವಲು ಕೊಟ್ಟ, ನನ್ನ ತಂದೆಯವರ ಸಂಗ್ರಹದ ಒಂದು ಪಿಯಾನೋ ರೆಕಾರ್ಡು. ಅದನ್ನು ಕೇಳಿ ಅವರು, "ಹೊಂದಿಸಿ ಇಟ್ಟ ಕಪ್ಪು-ಬಶಿ ಒಂದೊಂದ ಬಿದ್ದಂಗ ಐತ್ರಿ, ಆದ್ರ ಒಂದೂ ಒಡಿವಲ್ವು" ಎಂದಿದ್ದರು. ಅಷ್ಟು ಚೆನ್ನಾಗಿ ಆ ಸಂಗೀತದ ಬಗ್ಗೆ ನಾನು ಯಾವ ಭಾಷೆಯಲ್ಲೂ ಹೇಳಲಾರೆ.

ಆಮೇಲೆ ಆ ಸಾರಂಗಿ ರೆಕಾರ್ಡು ಬಂತು. ಬಂದದ್ದೇ, ಉಳಿದ ಮೂರನ್ನೂ ಕಪಾಟಿಗೆ ಕಳಿಸಿತು. ಮಾರ್ವಾ ರಾಗ, ಸಂಜೆಯದು. ಸಾರಂಗಿ ಎಂದರೆ ಮನುಷ್ಯನ ಗಂಟಲಿಗೆ ತೀರ ಹತ್ತಿರದ ವಾದ್ಯ. ಆ ರಾಗ ಷಡ್ಜದ, ಅಂದರೆ ಮೂಲ ಸ್ವರವಾದ 'ಸಾ'ದ ಮೇಲೆ ಬಂದು ನಿಲ್ಲಲು ಒಪ್ಪುವುದಿಲ್ಲ. "ಮನಿಗೆ ಬರಬೇಕಂತೈತಿ, ಬಾಗಲದಾಗ ನಿಂದರತೈತಿ. ನನಗ ಅಂಜಿಕಿ ಬರ್ತೈತ್ರಿ ಬಾಯಾರ. ಅದಕ್ಕ ದಿನಾ ಕೇಳ್ತೇನಿ" ಎನ್ನುತ್ತಿದ್ದರು ಮಾಸ್ತರರು.

ಅದೊಂದನ್ನು ಮಾತ್ರ ಅವರು ಯಾರಿಗೂ ಎರವಲು ಕೊಡಲಿಲ್ಲ. ನಾನು ಕೇಳಿದೆ. "ಇನ್ನ ಸ್ವಲ್ಪ ದಿನ" ಎಂದರು.

ಇಲ್ಲಿ ಒಂದು ವಿಷಯ ನಿಮಗೆ ತಿಳಿದಿರಬೇಕು. ರೆಕಾರ್ಡು ತಿರುಗುತ್ತಿರುವಾಗ ಕರೆಂಟು ಹೋದರೆ — ಈ ಊರಿನಲ್ಲಿ ಅದೇನು ಹೊಸದಲ್ಲ — ಗೋವಿಂದಪ್ಪನವರು ಮಾಡುತ್ತಿದ್ದ ಮೊದಲ ಕೆಲಸ, ಕತ್ತಲಲ್ಲೇ ಕೈ ಚಾಚಿ ಸೂಜಿಯನ್ನು ಎತ್ತುವುದು. ಹೀಗೆ, ಎರಡೇ ಬೆರಳಲ್ಲಿ. ಕಂದೀಲು ಆಮೇಲೆ, ಹೆಂಡತಿ ಆಮೇಲೆ. ಒಂದು ಸಂಜೆ ಅವರ ಮನೆಯಲ್ಲಿ ನಾನೇ ನೋಡಿದ್ದೇನೆ. ಚಂದ್ರವ್ವನವರು ಒಳಗಿನಿಂದ ಛೇಡಿಸಿದ್ದರು. "ಮನಿಗೆ ಬೆಂಕಿ ಬಿದ್ರೂ ಮೊದಲ ಸೂಜಿ ಎತ್ತತಾರ, ಆಮ್ಯಾಲ ನಮ್ಮನ್ನ."

ಎತ್ತದಿದ್ದರೆ ಏನಾಗುತ್ತದೆ ಎಂದು ಕೇಳಿದ್ದೆ. "ಕರೆಂಟ್ ಬಂದಕೂಡ್ಲೆ ಮಷೀನಿನ ತಟ್ಟಿ ತಾನ ತಿರಗತೈತ್ರಿ. ಸಾವಕಾಶ ಏಳತೈತಿ. ದನಿ ಕುತ್ತಿಗಿ ಹಿಚಿಕಿದಂಗ ಬರತೈತಿ. ಹಾಡಿದವರಿಗೆ ಅವಮಾನ ಅದು" ಎಂದಿದ್ದರು.

ಈಗ ಆ ಸಂಜೆಗೆ ಬರುತ್ತೇನೆ.

ಚಂದ್ರವ್ವನವರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಹೊರಗಿನ ಕೋಣೆಯಲ್ಲಿ ಸಾರಂಗಿ. ಕರೆಂಟು ಹೋಯಿತು, ಸಾರಂಗಿ ನಿಂತಿತು. "ಕಂದೀಲಾ ತರ್ಲೇನ್ರೀ?" ಎಂದು ಕೂಗಿದರು. ಉತ್ತರ ಬರಲಿಲ್ಲ. ಕತ್ತಲಲ್ಲಿ ಸುಮ್ಮನೆ ಕೂರುವುದು ಮಾಸ್ತರರ ರೂಢಿ. ಇವರು ಒಲೆಯ ಬೆಳಕಿನಲ್ಲೇ ರೊಟ್ಟಿ ಮುಂದುವರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಕರೆಂಟು ಬಂತು. ಆಗ ಒಂದು ದನಿ ಕೇಳಿಸಿತು.

ನರಳಿದ ಹಾಗೆ. ಆಳದಿಂದ, ಗಂಡಸಿನ ದನಿ. ಅವರ ಕೈ ನಿಂತಿತು. ಮರುಕ್ಷಣ ಸಾರಂಗಿ ಕೇಳಿಸಿತು, ಎಂದಿನಂತೆ. ಓಹೋ, ಮತ್ತೆ ಹಚ್ಚಿದರು ಎಂದುಕೊಂಡು ಹಿಟ್ಟಿಗೆ ಕೈ ಹಾಕಿದರು. ರೆಕಾರ್ಡಿನ ಆ ಮಗ್ಗುಲು ಪೂರ್ತಿ ಮುಗಿಯಿತು. ಮುಗಿದ ಮೇಲೆ ಸೂಜಿ ಟಿಕ್, ಟಿಕ್ ಎನ್ನುತ್ತಲೇ ಇತ್ತು. ಗೋವಿಂದಪ್ಪನವರು ಅದನ್ನು ಎಂದೂ ಟಿಕ್ ಎನ್ನಲು ಬಿಟ್ಟವರಲ್ಲ. ಚಂದ್ರವ್ವನವರು ಕೈ ಒರೆಸಿಕೊಂಡು ಹೊರಗೆ ಬಂದರು.

ಹೃದಯ ನಿಂತಿತ್ತು ಎಂದರು ಡಾಕ್ಟರು. ಯಾವಾಗ ಎಂದು ಹೇಳಲಿಲ್ಲ.

ಸತ್ತ ಮನೆಯಲ್ಲಿ ರೆಕಾರ್ಡು ತಾನೇ ಹಾಡಿತು ಎಂದು ಊರೆಲ್ಲ ಸುದ್ದಿಯಾಯಿತು. ಮಕ್ಕಳು ಮಾಸ್ತರರ ಮನೆಯ ಓಣಿ ಬಿಟ್ಟು ಸುತ್ತಿ ಶಾಲೆಗೆ ಬರುತ್ತಿದ್ದಾರೆ. ಪಾಂಡಪ್ಪನವರು, ಕ್ಷಮಿಸಿ, ತಮ್ಮನ ಮೇಲಿನ ಕಾಳಜಿಯಿಂದಲೇ, ಮಷೀನನ್ನೂ ರೆಕಾರ್ಡುಗಳನ್ನೂ ಹೊಳೆಗೆ ಬಿಡೋಣ ಎಂದರು. ಆದರೆ ಚಂದ್ರವ್ವನವರ ಅಂಜಿಕೆ ದೆವ್ವದ್ದಲ್ಲ. ಹೋದ ವಾರ ನನ್ನ ಕೈ ಹಿಡಿದು ಅವರು ಕೇಳಿದ್ದು ಇಷ್ಟೇ.

"ಬಾಯಾರ, ಆ ದನಿ ಮಷೀನಿಂದೋ, ಅವರದೋ? ಅವರು ಕರದಾಗ ನಾ ರೊಟ್ಟಿ ಬಡದ್ನೇನು?"

ನಾನು ಅವರಿಗೆ ಸೂಜಿಯ ಮಾತು ಹೇಳಿದೆ. ಸೂಜಿ ಕೆಳಗೇ ಇತ್ತು, ಅದಕ್ಕೇ ರೆಕಾರ್ಡು ತಾನಾಗಿ ತಿರುಗಿತು. ಮಾಸ್ತರರು ಸೂಜಿ ಎತ್ತಿರಲಿಲ್ಲ. ಎಂದೂ ಎತ್ತದೆ ಬಿಟ್ಟವರಲ್ಲ. ಅಂದರೆ ಕರೆಂಟು ಹೋಗುವ ಮೊದಲೇ ಅವರು ಹೋಗಿದ್ದರು. ಹೇಳುತ್ತಿದ್ದಂತೆ ನನ್ನೊಳಗೇ ಯಾರೋ ಕೇಳಿದರು — ಎತ್ತಲು ಆಗದ ಸ್ಥಿತಿಯಲ್ಲಿ ಅವರು ಇನ್ನೂ ಬದುಕಿದ್ದಿರಬಹುದಲ್ಲವೇ? ಚಂದ್ರವ್ವನವರು ನನ್ನ ಮುಖ ನೋಡಿದರು. ಅವರಿಗೂ ಅದೇ ಹೊಳೆದಿತ್ತು.

"ಹಚ್ಚಿ ನೋಡೂಣು" ಎಂದರು. "ಸೂಜಿ ಎತ್ತದಿದ್ರ ಆ ದನಿ ಹೆಂಗ ಬರತೈತಿ ಅಂತ ನಮ್ಮ ಮನ್ಯಾಗ ಯಾರೂ ಕೇಳಿಲ್ಲ. ಅವರು ಕೇಳಾಕ ಬಿಟ್ಟಿಲ್ಲ."

ಆದಿತ್ಯವಾರ ಹೋದೆ. ಅವರು ಅಂದಿನಂತೆಯೇ ಒಲೆಯ ಮುಂದೆ ಕುಳಿತು ಹಿಟ್ಟು ನಾದಿಕೊಂಡರು. ನಾನು ಹೊರಗಿನ ಕೋಣೆಯಲ್ಲಿ ಸಾರಂಗಿ ಹಚ್ಚಿದೆ. ಎಲ್ಲಿ ನಿಲ್ಲಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಒಳಗಿನಿಂದ ಅವರೇ ಹೇಳಿದರು: "ತಬಲಾ ಕೂಡತೈತಲ್ರೀ, ಅದಾದ ಮ್ಯಾಲೆ ಒಂದ್ ಸಲ ಮ್ಯಾಲ ಹೋಗಿ ಇಳಿತೈತಿ. ಅಲ್ಲೆ." ದಿನವೂ ಒಂದನ್ನೇ ಕೇಳುವ ಗಂಡನ ಮನೆಯಲ್ಲಿ ಹೆಂಡತಿಗೂ ಅದೇ ಸದ್ಯದ್ದು.

ಸಾರಂಗಿ ಮೇಲೆ ಹೋಯಿತು, ಇಳಿಯಿತು. ನಾನು ಮೇನ್ ಸ್ವಿಚ್ ಕೆಳಗೆ ಎಳೆದೆ. ಮನೆ ನಿಶ್ಶಬ್ದವಾಯಿತು.

ಆ ನಿಶ್ಶಬ್ದದಲ್ಲಿ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಾಗ ನನಗಾದ ಭಯ — ಅದನ್ನು ನಾನು ಹೇಳಲಾರೆ. ರೆಕಾರ್ಡು ನರಳದೆ ಸ್ವಚ್ಛವಾಗಿ ಏಳಬಹುದು. ಹಾಗೆ ಎದ್ದರೆ, ಆ ಸಂಜೆ ನರಳಿದ್ದು ಮನುಷ್ಯನೇ. ಅದನ್ನು ಆಕೆಗೆ ಕೇಳಿಸಿದವಳು ನಾನಾಗುತ್ತೇನೆ. ತಿಳಿಯದೆ ಇರುವುದೇ ದಯೆಯೇ? ತಿಳಿಯುವ ಹಕ್ಕು ಆಕೆಯದಲ್ಲವೇ?

"ಹಾಕ್ರಿ ಬಾಯಾರ" ಎಂದರು ಒಳಗಿನಿಂದ.

ಹಾಕಿದೆ.

ಅದು ಬಂತು. ಕೆಳಗಿನಿಂದ, ತಗ್ಗಿದ ಗಂಡಸಿನ ದನಿಯಲ್ಲಿ, ಹಿಚುಕಿದ ಕುತ್ತಿಗೆಯಿಂದ ನರಳಿ, ಏರಿ ಏರಿ ಸಾರಂಗಿಯಾಯಿತು. ಅಡುಗೆಮನೆಯಿಂದ ಚಂದ್ರವ್ವನವರು ಹೇಳಿದರು:

"ಇನ್ನೊಮ್ಮಿ."

ಇನ್ನೊಮ್ಮೆ ಮಾಡಿದೆ. ಅದೇ ದನಿ. ಆಮೇಲೆ, ಒಳಗೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಅದರ ನಡುವೆ ಅವರ ಮಾತು: "ಇದ ರೀ. ಇದ ದನಿ. ಅವರು ಕರದಿಲ್ಲ."

ಆ ದಿನ ಅವರು ಬಡಿದ ರೊಟ್ಟಿಯನ್ನು ನಾವಿಬ್ಬರೂ ಕೂತು ಉಂಡೆವು. ಏಳುವಾಗ ಹೇಳಿದರು, "ಊರಾಗ ಮಂದಿ ಏನೇನೋ ಅಂತಾರ. ಸಭಾದಾಗ ನೀವ ಹೇಳಿಬಿಡ್ರಿ."

ಹೇಳಿದ್ದೇನೆ. ಇಷ್ಟಾದರೂ ನನಗೆ ಎಲ್ಲವೂ ಗೊತ್ತಾಯಿತು ಎಂದಲ್ಲ. ಕತ್ತಲಲ್ಲಿ ಅವರು ಎಷ್ಟು ಹೊತ್ತು ಒಬ್ಬರೇ ಇದ್ದರೋ ಗೊತ್ತಿಲ್ಲ. ಆ ಕೈ ಸೂಜಿಯ ಕಡೆಗೆ ಚಾಚಿತ್ತೋ ಇಲ್ಲವೋ ಗೊತ್ತಿಲ್ಲ. ಈಗ ನನ್ನ ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಒಂದು ಕ್ಷಣ ಉಸಿರು ಹಿಡಿಯುತ್ತೇನೆ. ಗೊತ್ತಿರುವುದು ಒಂದೇ: ಆ ನರಳಿಕೆ ಮಷೀನಿನದು; ಅವರು ಕರೆದಾಗ ಈ ಹೆಣ್ಣುಮಗಳು ಕೇಳಿಸಿಕೊಳ್ಳದೆ ಕೂತಿರಲಿಲ್ಲ. ಮಕ್ಕಳೇ, ನಾಳೆಯಿಂದ ಆ ಓಣಿಯಲ್ಲೇ ಬನ್ನಿ. ಕಿಟಕಿಯಲ್ಲಿ ಸಾರಂಗಿ ಕೇಳಿಸಿದರೆ ಓಡಬೇಡಿ. ಅದು ಚಂದ್ರವ್ವನವರ ಸದ್ಯದ್ದು. ರೆಕಾರ್ಡುಗಳು ಹೊಳೆಗೆ ಹೋಗುವುದಿಲ್ಲ ಎಂದು ಪಾಂಡಪ್ಪನವರೂ ಒಪ್ಪಿದ್ದಾರೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಗೋವಿಂದಪ್ಪ ಮಾಸ್ತರರಿಗಾಗಿ ಒಂದು ನಿಮಿಷ ಮೌನವಾಗಿರೋಣ. ಇದು ಲೋಡ್ ಶೆಡ್ಡಿಂಗಿನ ಹೊತ್ತು. ನಡುವೆ ಫ್ಯಾನು ನಿಂತು ದೀಪ ಹೋದರೂ ಯಾರೂ ಅಂಜಬೇಡಿ. ಮನೆಯಿಂದ ಹೊರಡುವ ಮುಂಚೆ ಚಂದ್ರವ್ವನವರು ಸೂಜಿ ಎತ್ತಿಟ್ಟು ಬಂದಿದ್ದಾರೆ.