ಸುಭದ್ರಾಬಾಯಿಯವರ ಪರವಾಗಿ ನಾಲ್ಕು ಮಾತು

ಈ ಸಭೆಯ ಅಧ್ಯಕ್ಷ ಸ್ಥಾನದಲ್ಲಿರುವ ರುಖ್ಸಾರ ಮೇಡಂ ಅವರೇ, ನನ್ನ ಸರದಿ ಬೇಗ ಮುಗಿಯಲೆಂದು ತಾಳ್ಮೆಯಿಂದ ಕಾಯುತ್ತಿರುವ ಮುಖ್ಯ ಅತಿಥಿಗಳೇ, ನೌಬಾದ ಮಹಿಳಾ ಓದುಗರ ಬಳಗದ ಕಾರ್ಯದರ್ಶಿಯೂ ನನ್ನ ಸೊಸೆಯೂ ಆದ ಮನಿಷಾ ಅವರೇ, ತಾಯಂದಿರೇ, ಅಕ್ಕ ತಂಗಿಯರೇ, ಹೆಂಡತಿಯರನ್ನು ಕರೆದೊಯ್ಯಲು ಬಂದು ಹಿಂದಿನ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿರುವ ಮೂವರು ಗಂಡಸರೇ, ಒಟ್ಟಾರೆ ಎಲ್ಲ ಸಭಿಕರೇ,

ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆಯಲ್ಲಿ ‘ಇತ್ತೀಚಿನ ಪ್ರೇಮ ಕಾದಂಬರಿಗಳು, ಮಹಿಳಾ ಕಾದಂಬರಿಗಳು: ಓದುಗರೊಬ್ಬರ ಪ್ರಾಮಾಣಿಕ ಅಭಿಪ್ರಾಯ, ಶ್ರೀಮತಿ ಸುಭದ್ರಾಬಾಯಿ ಅವರಿಂದ’ ಎಂದು ಅಚ್ಚಾಗಿದೆ. ನಾನು ಸುಭದ್ರಾಬಾಯಿ ಅಲ್ಲ. ಅದು ದೂರದಿಂದಲೂ ಕಾಣುತ್ತದೆ. ನಾನು ಅವರ ಗಂಡ, ಗೋರಖನಾಥ. ಔರಾದ ಮತ್ತು ಭಾಲ್ಕಿಯ ಪಶು ಆಸ್ಪತ್ರೆಗಳಲ್ಲಿ ಮೂವತ್ತನಾಲ್ಕು ವರ್ಷ ಜಾನುವಾರು ಪರೀಕ್ಷಕನಾಗಿದ್ದು ನಿವೃತ್ತನಾದವನು. ನನಗೆ ಸ್ವಂತ ಅಭಿಪ್ರಾಯಗಳು ಇರುವುದು ದನಗಳ ವಿಷಯದಲ್ಲಿ ಮಾತ್ರ.

ಹಾಗಾದರೆ ನಾನೇಕೆ ಇಲ್ಲಿ ನಿಂತಿದ್ದೇನೆ? ನಮ್ಮ ಮನೆಯವರು ಇವತ್ತು ಬೆಳಿಗ್ಗೆ ಔರಾದಕ್ಕೆ ಹೋಗಿದ್ದಾರೆ. ಅಲ್ಲಿಯ ಹೆಣ್ಣುಮಕ್ಕಳೂ ಇವತ್ತೇ ಒಂದು ಸಭೆ ಇಟ್ಟುಕೊಂಡಿದ್ದಾರೆ, ಅವರಿಗೆ ಮೊದಲು ಮಾತು ಕೊಟ್ಟಾಗಿತ್ತು. ಇಲ್ಲಿ ಪತ್ರಿಕೆ ಅಚ್ಚಾದ ಮೇಲೆ ದಿನಾಂಕ ಒಂದೇ ಎಂದು ತಿಳಿಯಿತು. ನಿನ್ನೆ ಮನಿಷಾ ನನ್ನ ಹತ್ತಿರ ಬಂದಳು.

“ಮಾಮಾ, ಅತ್ತಿ ಬದಲಿ ನೀವು ಮಾತಾಡ್ರಿ. ಅಷ್ಟೂ ಪುಸ್ತಕ ಓದಿದವ್ರು ನೀವೇ ಅಲ್ಲೇನ್ರಿ?”

ಓದಿದವನು ನಾನೇ, ನಿಜ. ಅಭಿಪ್ರಾಯ ಹೇಳಿದವರು ಅವರು. ಇವತ್ತು ಬಸ್ಸು ಹತ್ತುವ ಮುಂಚೆ ನನಗೆ ಎರಡು ಸೂಚನೆ ಕೊಟ್ಟರು: “ಉದ್ದ ಮಾತಾಡಬ್ಯಾಡ್ರಿ. ಸುಳ್ಳಂತೂ ಹೇಳಲೇಬ್ಯಾಡ್ರಿ.” ಮೊದಲನೆಯದನ್ನು ಈಗಾಗಲೇ ಮುರಿದಿದ್ದೇನೆ. ಎರಡನೆಯದನ್ನು ಪಾಲಿಸಲು ಪ್ರಯತ್ನಿಸುತ್ತೇನೆ.

ನಮ್ಮ ಮನೆಯವರು ಬಗದಲ್ ಊರಿನವರು. ಆ ಕಾಲಕ್ಕೆ ಹತ್ತನೆಯ ತರಗತಿ ಪಾಸಾದವರು. ಓದುವ ಹುಚ್ಚು ಎಷ್ಟೆಂದರೆ, ಗಾಂಧಿ ಗಂಜದ ಅಂಗಡಿಯಿಂದ ಬೇಳೆ ಕಟ್ಟಿಸಿಕೊಂಡು ಬಂದರೆ ಬೇಳೆಗಿಂತ ಮೊದಲು ಪೊಟ್ಟಣದ ಕಾಗದ ನೋಡುತ್ತಿದ್ದರು. ಎರಡು ವರ್ಷದ ಹಿಂದೆ ಅವರ ಎರಡೂ ಕಣ್ಣಿಗೆ ಒಂದರ ಹಿಂದೊಂದು ಶಸ್ತ್ರಚಿಕಿತ್ಸೆ ಆಯಿತು. ಹೊಸ ಕನ್ನಡಕ ಬರುವ ತನಕ ಓದಬಾರದು, ಟಿವಿ ನೋಡಬಾರದು ಎಂದರು ಡಾಕ್ಟರು. ಮೂರನೆಯ ದಿನ ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿಕೊಂಡು ಪೊಲೀಸ್ ಸಾಹೇಬರ ಹಾಗೆ ಕುಳಿತಿದ್ದವರು ನನ್ನನ್ನು ಕರೆದರು.

“ಮನಿಷಾ ತಂದ ಕಾದಂಬರಿ ಅಲ್ಲೇ ಅದ ನೋಡ್ರಿ. ನೂರಾ ಹನ್ನೊಂದನೇ ಪುಟ. ಓದ್ರಿ.”

“ನಾನಾ?”

“ಮನ್ಯಾಗ ಮತ್ತ್ಯಾರದಾರ?”

ಮಗ ಅಶ್ವಜಿತ ಕಚೇರಿಗೆ ಹೋಗಿದ್ದ, ಮನಿಷಾ ಶಾಲೆಗೆ ಹೋಗಿದ್ದಳು. ನಾನು ಓದಿದೆ. ನನ್ನ ದುರದೃಷ್ಟ, ನೂರಾ ಹನ್ನೊಂದನೇ ಪುಟದಲ್ಲಿ ನಾಯಕ ನಾಯಕಿಯ ಕೈ ಹಿಡಿಯುತ್ತಾನೆ. ಎರಡು ಪುಟ ಆದ ಮೇಲೆ ನಮ್ಮ ಮನೆಯವರು ಕೇಳಿದರು: “ನೀವು ಪ್ರೀತಿ ಓದ್ಲತ್ತೀರೋ, ಸತ್ತ ಎಮ್ಮಿ ಪಂಚನಾಮಾ ಓದ್ಲತ್ತೀರೋ?”

ಹೀಗೆ ಶುರುವಾದ ಓದು, ಸಭಿಕರೇ. ಎರಡು ತಿಂಗಳಲ್ಲಿ ಹನ್ನೊಂದು ಕಾದಂಬರಿ. ಈಗ ಪ್ರಾಮಾಣಿಕ ಅಭಿಪ್ರಾಯಕ್ಕೆ ಬರುತ್ತೇನೆ.

ಮೊದಲನೆಯದಾಗಿ ನಾಯಕರು. ಇತ್ತೀಚಿನ ಪ್ರೇಮ ಕಾದಂಬರಿಗಳ ನಾಯಕರೆಲ್ಲ ಆರು ಅಡಿ ಎತ್ತರ. ಎಲ್ಲರಿಗೂ ಸ್ವಂತ ಕಂಪನಿ. ಆದರೆ ಆ ಕಂಪನಿಗೆ ಅವರು ಯಾವಾಗ ಹೋಗುತ್ತಾರೆ? ಬೆಳಿಗ್ಗೆ ನಾಯಕಿಯ ಹಿಂದೆ, ಮಧ್ಯಾಹ್ನ ನಾಯಕಿಯ ಹಿಂದೆ, ಸಂಜೆ ಕಿಟಕಿಯ ಹತ್ತಿರ ನಿಂತು ನಿಟ್ಟುಸಿರು. ಒಂದು ಪುಸ್ತಕದಲ್ಲಿ ನಲವತ್ತು ಪುಟದ ತನಕ ಯಾರೂ ಒಂದು ತುತ್ತು ಉಣ್ಣಲಿಲ್ಲ. ಕಾಫಿ, ಕಾಫಿ, ಮತ್ತೆ ಕಾಫಿ. ನಮ್ಮ ಮನೆಯವರು ತಡೆಯಲಾರದೆ, “ಆ ಹುಡುಗಿಗಿ ಪಿತ್ತ ಆಗ್ತದ. ಯಾರರೆ ಒಂದ್ ರೊಟ್ಟಿ ಕೊಡ್ರಿ” ಎಂದರು.

ಅತ್ತೆಯರ ಬಗ್ಗೆಯೂ ಅವರಿಗೆ ತಕರಾರಿದೆ. ಕಾದಂಬರಿಯ ಅತ್ತೆಗೆ ಬೆಳಿಗ್ಗೆಯಿಂದ ಸಂಜೆಯ ತನಕ ಸೊಸೆಯನ್ನು ಕಾಡುವುದೊಂದೇ ಕೆಲಸವೇ? ಅವಳಿಗೆ ಮೊಣಕಾಲು ನೋಯುವುದಿಲ್ಲವೇ? ಅವಳಿಗೊಬ್ಬ ತಂಗಿ ಇಲ್ಲವೇ, ತವರಿಲ್ಲವೇ? “ಇದನ್ನ ಬರದಾಕಿ ಸೊಸಿ ಇರಬೇಕು. ಅತ್ತಿ ಆದ ಮ್ಯಾಲ ಇನ್ನೊಂದ್ ಬರೀಲಿ, ನೋಡೂಣು” ಎಂಬುದು ಅವರ ತೀರ್ಪು. ಇದನ್ನು ಹೇಳುವಾಗ ಮನಿಷಾ ಅಲ್ಲೇ ಇದ್ದಳು. ಮುಗುಳ್ನಕ್ಕಳು. ಆ ನಗೆಯ ಅರ್ಥ ಏನೆಂದು ನಾನು ಈ ತನಕ ಕೇಳಿಲ್ಲ.

ಒಂದು ಕಾದಂಬರಿಯಲ್ಲಿ ಪ್ರೇಮಿಗಳ ಕಣ್ಣೆದುರು ಎಮ್ಮೆಯೊಂದು ಕರು ಹಾಕುತ್ತದೆ. ಅರ್ಧ ಪುಟದಲ್ಲಿ! ಕರು ಎದ್ದು ಓಡಿಯೂ ಬಿಡುತ್ತದೆ! ನಾನು ಪುಸ್ತಕ ಮುಚ್ಚಿ ಹತ್ತು ನಿಮಿಷ ಪ್ರತಿಭಟಿಸಿದೆ. “ಅಲ್ರಿ, ಅವರಿಬ್ಬರ ಪ್ರೀತಿ ಒಂದೇ ವಾರದಾಗ ಆತು. ಅದಕ್ಕ ನಿಮ್ಮ ತಕರಾರಿಲ್ಲ. ಎಮ್ಮಿಗಷ್ಟೇ ತಕರಾರೇನು?” ಎಂದರು. ನಾನು ಪುಸ್ತಕ ಮತ್ತೆ ತೆರೆದೆ.

ಎಲ್ಲವನ್ನೂ ತೆಗಳಿದರು ಎಂದು ತಿಳಿಯಬೇಡಿ. ಒಂದೇ ಕೋಣೆಯಲ್ಲಿರುವ ಮೂವರು ನರ್ಸುಗಳ ಕಥೆಯೊಂದಿತ್ತು. ನಾಯಕನೇ ಇಲ್ಲ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಅವಳ ಪಾಳಿಯನ್ನೂ ಸೇರಿಸಿ ದುಡಿಯುತ್ತಾಳೆ. ಇದು ಪ್ರೇಮ ಕಾದಂಬರಿಯಲ್ಲ, ತಪ್ಪಾಗಿ ಬಂದಿದೆ ಎಂದೆ ನಾನು. “ಹನ್ನೊಂದರಾಗ ಪ್ರೇಮ ಇರೂದು ಇದರಾಗೇ” ಎಂದರು ಅವರು. ಮುಗಿದ ಮೇಲೆ ಮೊದಲಿನಿಂದ ಮತ್ತೊಮ್ಮೆ ಓದಿಸಿದರು. ಬಳಗದ ಗ್ರಂಥಾಲಯದಲ್ಲಿದೆ, ಎಲ್ಲರೂ ಓದಿ.

ಇನ್ನು ಏಳನೆಯ ಕಾದಂಬರಿ.

ಇದನ್ನು ಬಿಟ್ಟು ಎಂಟನೆಯದಕ್ಕೆ ಹೋಗೋಣ ಎಂದು ಮನೆಯಿಂದ ಹೊರಡುವಾಗ ನಿಶ್ಚಯಿಸಿದ್ದೆ. ಆದರೆ ಸುಳ್ಳು ಹೇಳಬೇಡಿ ಎಂದಿದ್ದಾರೆ. ನುಂಗಿಕೊಳ್ಳುವುದೂ ಸುಳ್ಳೇ ಅಲ್ಲವೇ? ಮನಿಷಾ, ಇದು ನಿನಗೂ ಗೊತ್ತಿಲ್ಲ. ಸ್ವಲ್ಪ ಕೂತುಕೊಂಡು ಕೇಳಮ್ಮ.

ಆ ಕಾದಂಬರಿಯ ನಾಯಕಿ ಐವತ್ತು ದಾಟಿದವಳು. ಗಂಡ ಸಭ್ಯಸ್ಥ. ಆದರೂ ಅವಳು ಒಂದು ದಿನ ಮನೆ ಬಿಟ್ಟು ಹೋಗುತ್ತಾಳೆ. ಇದೇನು ಕಥೆ, ಹೊಡೆಯಲಿಲ್ಲ, ಬಡಿಯಲಿಲ್ಲ, ಇವಳಿಗೇನು ಧಾಡಿ ಎಂದು ನಾನು ಓದುತ್ತಲೇ ಟೀಕೆ ಮಾಡುತ್ತಿದ್ದೆ. ಆಗ ಒಂದು ಸಾಲು ಬಂತು. ‘ಅವನು ಎಂದೂ ಕೈ ಎತ್ತಲಿಲ್ಲ. ಎಂದೂ ಬೈಯಲಿಲ್ಲ. ನಿನಗೇನು ಬೇಕು ಎಂದು ಎಂದೂ ಕೇಳಲೂ ಇಲ್ಲ.’

“ಅದನ್ನ ಮತ್ತೊಮ್ಮೆ ಓದ್ರಿ” ಎಂದರು. ಓದಿದೆ. “ಇನ್ನೊಮ್ಮೆ” ಎಂದರು. ಮೂರನೆಯ ಸಲ ಓದುವಾಗ ಅರ್ಧಕ್ಕೇ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆ? ಹೇಳುತ್ತೇನೆ.

ಮೂವತ್ತೊಂದು ವರ್ಷದ ಹಿಂದಿನ ಮಾತು. ನಾವು ಔರಾದದಲ್ಲಿದ್ದೆವು. ಅಶ್ವಜಿತನಿಗೆ ನಾಲ್ಕು ವರ್ಷ. ನಮ್ಮ ಮನೆಯವರು ಅಂಗನವಾಡಿ ಕಾರ್ಯಕರ್ತೆಯ ಕೆಲಸಕ್ಕೆ ಅರ್ಜಿ ಹಾಕಿದ್ದರು. ವಿಳಾಸ ಪಶು ಆಸ್ಪತ್ರೆಯದು ಕೊಟ್ಟಿದ್ದರು. ನೇಮಕದ ಪತ್ರ ನನ್ನ ಮೇಜಿಗೆ ಬಂತು. ನಾನು ಅದನ್ನು ಅವರಿಗೆ ಕೊಡಲಿಲ್ಲ. ‘ಕೌಟುಂಬಿಕ ಕಾರಣಗಳಿಂದ ಸೇರಲು ಸಾಧ್ಯವಿಲ್ಲ’ ಎಂದು ನಾನೇ ಬರೆದೆ. ಕೆಳಗೆ ಸುಭದ್ರಾಬಾಯಿ ಎಂದು ನಾನೇ ಸಹಿ ಮಾಡಿದೆ. ಟಪಾಲಿಗೆ ಹಾಕಿದೆ. ಆಮೇಲೆ ಎರಡು ವಾರ ಅವರು ದಿನಾ ಸಂಜೆ ಕೇಳುತ್ತಿದ್ದರು: “ಟಪಾಲು ಏನರೆ ಬಂತೇನ್ರಿ?” ದಿನಾ ಸಂಜೆ ನಾನು ಇಲ್ಲ ಎನ್ನುತ್ತಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟರು. ಮರೆತರು ಎಂದುಕೊಂಡೆ. ನನಗೆ ಭಾಲ್ಕಿಗೆ ವರ್ಗವಾಗುವುದಿತ್ತು, ಅದಕ್ಕೇ ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ವರ್ಗ ಬಂದದ್ದು ಎರಡೂವರೆ ವರ್ಷದ ನಂತರ.

ಇಷ್ಟೂ ವರ್ಷ ಇದು ನನಗೊಬ್ಬನಿಗೇ ಗೊತ್ತು ಎಂದು ತಿಳಿದಿದ್ದೆ. ಆ ಮಧ್ಯಾಹ್ನ ಕಪ್ಪು ಕನ್ನಡಕದ ಹಿಂದಿನಿಂದ ಅವರು ನಿಧಾನವಾಗಿ ಹೇಳಿದರು.

“ಔರಾದದಾಗ ಹಿಂದಿನ ಗಲ್ಲಿ ಕೌಸಲ್ಯಾಬಾಯಿ ನೆನಪದಾಳೇನ್ರಿ? ಒಂದಿನ ಪೇಡಾ ತಗೊಂಡು ಬಂದ್ಳು. ‘ಅಕ್ಕಾ, ನೀವು ಬ್ಯಾಡಂತ ಬರದ್ ಕೊಟ್ರಂತ. ಅದಕ್ಕೇ ಅಂಗನವಾಡಿ ನನಗ ಬಂತ್ರಿ. ನಿಮ್ಮ ಉಪಕಾರ ಮರಿಯಂಗಿಲ್ಲ’ ಅಂದ್ಳು. ನಾ ಬರದಿಲ್ಲ ಅಂತ ಆಕಿಗಿ ಹ್ಯಾಂಗ ಹೇಳ್ಲಿ? ಪೇಡಾ ತಗೊಂಡೆ. ಸಂಜಿಕ್ ನಿಮಗೂ ಕೊಟ್ಟೆ. ನೀವು ಎರಡು ತಿಂದ್ರಿ.”

ಆ ಪೇಡಾ ನನಗೆ ನೆನಪಿರಲಿಲ್ಲ. ಅವರಿಗೆ ನೆನಪಿತ್ತು.

“ಅವಾಗೇ ಯಾಕ ಕೇಳ್ಲಿಲ್ಲ ನೀನು?” ಎಂದೆ.

“ನೀವೇ ಒಂದಿನ ಹೇಳ್ತೀರಿ ಅಂತ ಕಾದೆ. ಆಮ್ಯಾಲ ಕಾಯೂದು ಮರ್ತೆ. ಇವತ್ತು ಈ ಪುಸ್ತಕ ನೆನಪ ಮಾಡ್ತು.”

ಮೂರು ದಿನ ಓದು ನಿಂತಿತು. ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಕಣ್ಣಿಗೆ ಔಷಧ ಹಾಕುವಾಗ ತಲೆ ಎತ್ತುತ್ತಿದ್ದರು, ಹಾಕಿದ ಮೇಲೆ ಗೋಡೆಯ ಕಡೆಗೆ ತಿರುಗುತ್ತಿದ್ದರು. ಸಾವಿರಾರು ದನಗಳ ನೋವು ಮುಟ್ಟಿ ಹೇಳಿದವನು ನಾನು. ನನ್ನ ಎದುರಿಗೆ ಕೂತು ರೊಟ್ಟಿ ಬಡಿದ ಹೆಣ್ಣಿನ ನೋವು ನನಗೆ ಒಂದು ದಿನವೂ ತಿಳಿಯಲಿಲ್ಲವಲ್ಲ!

ಕೊನೆಗೆ ನಾನೇನು ಮಾಡಿದೆ ಗೊತ್ತೇ? ನಗಬೇಡಿ. ಆ ಕಾದಂಬರಿಯ ಗಂಡ ಹೇಗೆ ಕ್ಷಮೆ ಕೇಳುತ್ತಾನೆಂದು ಕೊನೆಯ ಅಧ್ಯಾಯವನ್ನು ಕದ್ದು ಓದಿದೆ. ಅವನು ಜಡಿಮಳೆಯಲ್ಲಿ ರೈಲು ನಿಲ್ದಾಣಕ್ಕೆ ಓಡುತ್ತಾನೆ, ಕೈಯಲ್ಲಿ ಹೂವಿನ ಗುಚ್ಛ, ಹನ್ನೆರಡು ಪುಟ ಮಾತಾಡುತ್ತಾನೆ. ಅದು ಏಪ್ರಿಲ್ ತಿಂಗಳು, ಬೀದರಿನಲ್ಲಿ ಮಳೆ ಎಲ್ಲಿಂದ ತರಲಿ? ಹೂವು ಮಾತ್ರ ತಂದೆ. ಗುಲಾಬಿ. ಮದುವೆಯಾದ ಮೇಲೆ ಮೊದಲ ಸಲ.

ವಾಸನೆ ಹಿಡಿದೇ ಕೇಳಿದರು: “ಕಡಿ ಪುಟ ಕದ್ದು ಓದೀರಿ ಅಲ್ಲೇನ್ರಿ?”

“ಹೌದು.”

“ಹೂವು ಅಲ್ಲಿಡ್ರಿ. ಬಾಯಿಲೆ ಹೇಳ್ರಿ.”

ಹೇಳಿದೆ. ಹನ್ನೆರಡು ಪುಟ ನನ್ನಿಂದಾಗಲಿಲ್ಲ. “ಆ ಸಹಿ ನಾ ಮಾಡೀನಿ. ವರ್ಗ ಆಗ್ತದ ಅಂತ ಅಲ್ಲ. ನಾ ಮನಿಗಿ ಬಂದಾಗ ನೀ ಮನ್ಯಾಗ ಇರಬೇಕು ಅಂತ ಮಾಡೀನಿ. ನಿನ್ನ ಕೆಲಸ ನಾ ಕಸ್ಕೊಂಡೀನಿ. ತಪ್ಪಾತು ಸುಭದ್ರಾ.” ಅಷ್ಟೇ.

ಸೆರಗಿನ ತುದಿಯನ್ನು ಕಪ್ಪು ಕನ್ನಡಕದ ಕೆಳಗೆ ಒತ್ತಿಕೊಂಡರು. ಆಮೇಲೆ ಹೇಳಿದರು: “ಡಾಕ್ಟರು ಅಳಬ್ಯಾಡ ಅಂದಾರ. ಎಂಟನೇ ಪುಸ್ತಕ ತಗೀರಿ. ಪೂರಾ ಮಾಫ್ ಆತು ಅಂತ ಮಾತ್ರ ತಿಳ್ಕೋಬ್ಯಾಡ್ರಿ.”

ನಾನು ಹಾಗೆ ತಿಳಿದಿಲ್ಲ, ಸಭಿಕರೇ. ಎಂಟನೆಯ ಪುಸ್ತಕ ತೆಗೆದೆ. ಎರಡು ಪುಟ ಓದಿದ ಮೇಲೆ ಅವರೆಂದರು: “ಇವತ್ತು ದನಿ ಸರಿ ಬಂತು ನಿಮ್ಮದು.”

ಆದ್ದರಿಂದ ಆ ಏಳನೆಯ ಕಾದಂಬರಿಯ ಬಗ್ಗೆ ಸುಭದ್ರಾಬಾಯಿಯವರ ಅಭಿಪ್ರಾಯ ಏನೆಂದರೆ, ಮೊದಲಿನ ಇನ್ನೂರು ಪುಟ ಖರೇ, ಕೊನೆಯ ಹನ್ನೆರಡು ಪುಟ ಸಿನೆಮಾ. ಮನೆ ಬಿಟ್ಟು ಹೋಗುವ ಹೆಂಗಸರ ಬಗ್ಗೆ ಈಗ ಬಹಳ ಬರೆಯುತ್ತಿದ್ದಾರೆ, ಬರೆಯಲಿ. ಆದರೆ ಮನೆಯಲ್ಲೇ ಉಳಿದು ಲೆಕ್ಕ ಕೇಳುವ ಹೆಂಗಸಿನ ಬಗ್ಗೆಯೂ ಯಾರಾದರೂ ಬರೆಯಬೇಕು ಎಂಬುದು ಅವರ ಬೇಡಿಕೆ. ಈ ಸಭೆಯಲ್ಲಿ ಬರೆಯುವವರಿದ್ದರೆ ದಯವಿಟ್ಟು ಗಮನಿಸಿ.

ಕನ್ನಡಕ ಬಂದ ಮೇಲೆ ನನ್ನ ನೌಕರಿ ಹೋಯಿತು ಎಂದುಕೊಂಡಿದ್ದೆ. ಹೋಗಲಿಲ್ಲ. ಈಗಲೂ ಮಧ್ಯಾಹ್ನ ಮೂರಕ್ಕೆ ಪುಸ್ತಕ ನನ್ನ ತೊಡೆಯ ಮೇಲೆ ಬೀಳುತ್ತದೆ. ಅವರು ಹೇಳುವುದನ್ನು ಮನಿಷಾ ಸಂಜೆ ಬಂದು ಅವರ ದನಿಯಲ್ಲೇ ಮೊಬೈಲಿನಲ್ಲಿ ಹಿಡಿದು ನಿಮ್ಮ ಬಳಗದ ಗುಂಪಿಗೆ ಕಳಿಸುತ್ತಾಳೆ. ಅದು ಭಾಲ್ಕಿಗೆ ಹೋಯಿತು, ಔರಾದಕ್ಕೆ ಹೋಯಿತು. ಔರಾದದಲ್ಲಿ ಅದನ್ನು ಕೇಳಿಸಿಕೊಂಡವರು ಕೌಸಲ್ಯಾಬಾಯಿ. ಆಕೆ ಅಂಗನವಾಡಿಯಿಂದ ನಿವೃತ್ತರಾಗಿ ಮನೆಯಲ್ಲಿದ್ದಾರೆ. ದನಿ ಗುರುತು ಹಿಡಿದು ಫೋನು ಮಾಡಿದರು. ನಮ್ಮ ಮನೆಯವರು ಆಕೆಗೆ ನಿಜ ಹೇಳಿದರು. ಆ ಕಡೆಯಿಂದ ಆಕೆ ಎಷ್ಟು ಹೊತ್ತು ಅತ್ತರೋ ನನಗೆ ತಿಳಿಯದು. ಇವರು ಮಾತ್ರ “ಏ, ಹುಚ್ಚಿ, ನೀ ಛಲೋ ಮಾಡೀಯವ್ವಾ, ಅಷ್ಟೊಂದ್ ಮಕ್ಕಳನ್ನ ಬೆಳೆಸೀದಿ” ಎನ್ನುತ್ತಿದ್ದರು. ನಾನು ಹೊರಗೆ ಹೋಗಿ ಗಿಡಕ್ಕೆ ನೀರು ಹಾಕಿದೆ. ಇವತ್ತಿನ ಔರಾದದ ಸಭೆಯನ್ನು ಕರೆದವರು ಆಕೆಯೇ.

ನಾನು ಈ ವೇದಿಕೆ ಹತ್ತುವ ಸ್ವಲ್ಪ ಮುಂಚೆ ನಮ್ಮ ಮನೆಯವರ ಫೋನು ಬಂತು. ಹಿಂದೆ ಚಪ್ಪಾಳೆ, ನಗು, ಯಾವುದೋ ಕೂಸು ಅಳುತ್ತಿತ್ತು.

“ಮಾತು ಮುಗಿತ್ರಿ. ಬಾಳ ಮಂದಿ ಬಂದಿದ್ರು. ಇನ್ನೊಂದ್ಸಲ ಹೇಳ್ರಿ ಅಂತ ಕುಂದರಿಸ್ಯಾರ.”

“ಎಷ್ಟರ ಬಸ್ಸಿಗಿ ಬರ್ತಿ? ಸ್ಟ್ಯಾಂಡಿಗಿ ಬರ್ತೇನಿ” ಎಂದೆ.

“ಇವತ್ತು ಬರಂಗಿಲ್ರಿ. ಎರಡ್ ದಿನ ಇಲ್ಲೇ ಕೌಸಲ್ಯಾ ಮನ್ಯಾಗ ಇರ್ತೇನಿ. ಅಶ್ವಜಿತ, ಮನಿಷಾ ಸಂಜಿಕ್ ಮದುವಿಗಿ ಹೋಗ್ತಾರ. ಅಡಿಗಿ ನೀವೇ ಮಾಡ್ಕೋರಿ.”

ಆದಕಾರಣ ಸಭಿಕರೇ, ಕಾರ್ಯಕ್ರಮದ ಕೊನೆಗೆ ಬಳಗದವರು ಪ್ರೀತಿಯಿಂದ ಏರ್ಪಡಿಸಿರುವ ಊಟಕ್ಕೆ ನಿಲ್ಲಿ ಎಂದು ಯಾರೂ ನನ್ನನ್ನು ಒತ್ತಾಯಿಸಬೇಕಾಗಿಲ್ಲ. ನಾನು ನಿಲ್ಲುತ್ತೇನೆ. ಸಂಜೆಗೆ ಒಂದು ಡಬ್ಬಿಯನ್ನೂ ಕಟ್ಟಿಕೊಟ್ಟರೆ ಬಹಳ ಉಪಕಾರ.

ಒಬ್ಬರ ಬದಲಿಗೆ ಬಂದವನನ್ನು ಇಷ್ಟು ಹೊತ್ತು ಸಹಿಸಿದ ಅಧ್ಯಕ್ಷರಿಗೆ, ಅತಿಥಿಗಳಿಗೆ, ಕಣ್ಣೊರೆಸಿಕೊಳ್ಳುತ್ತಲೇ ನನಗೆ ಸಮಯ ಮುಗಿಯಿತೆಂದು ಸನ್ನೆ ಮಾಡುತ್ತಿರುವ ನನ್ನ ಸೊಸೆಗೆ, ನಿಮಗೆಲ್ಲರಿಗೂ ಸುಭದ್ರಾಬಾಯಿಯವರ ಪರವಾಗಿ ಒಂದು, ನನ್ನ ಪರವಾಗಿ ಒಂದು ವಂದನೆ ಸಲ್ಲಿಸುತ್ತೇನೆ. ಜೈ ಭೀಮ್. ನಮಸ್ಕಾರ.